ಕಾರ್ಡಿನಲ್ಲಿ ಯಾರ ಹೆಸರಿದೆ?: ನಂದೂರಿನಲ್ಲಿ ಒಂದು ಸುತ್ತು

ಕಲಬುರಗಿಯಿಂದ ಶಹಾಬಾದ್ ಕಡೆಗೆ ಹೊರಟರೆ ನಗರ ಮುಗಿಯುವ ಹೊತ್ತಿಗೇ ನಂದೂರ ಸೀಮೆ. ಒಂದು ಮಗ್ಗುಲಿಗೆ ತೊಗರಿ, ಜೋಳ ಬೆಳೆಯುವ ಎರೆಹೊಲ. ಇನ್ನೊಂದು ಮಗ್ಗುಲಿಗೆ ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಲಾರಿಗಳು. ಹೊಲದ ಕೂಲಿ, ಮಿಲ್ಲಿನ ಕೂಲಿ, ನಗರದ ಮನೆಗೆಲಸ, ಮೂರಕ್ಕೂ ಒಂದೇ ಓಣಿಯಿಂದ ಜನ ಹೊರಡುತ್ತಾರೆ.

ಬೆಳಗಿನ ಬಸ್ಸಿನಲ್ಲಿ ಹೆಂಗಸರದೇ ಹೆಚ್ಚು ಪಾಲು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಇವರ ಟಿಕೆಟ್ಟಿನ ಮೇಲೆ ಸೊನ್ನೆ ಬಂದಿದೆ. ಮನೆಗೆಲಸಕ್ಕೆ ಹೋಗುವ ಒಬ್ಬಾಕೆ ಅಂದರು: "ಮೊದ್ಲು ರೊಕ್ಕ ಉಳಸಾಕ ಒಂದೇ ಮನಿ ಹಿಡಿದಿದ್ದೆ ಅಣ್ಣಾರ. ಈಗ ಎರಡು ಮನಿ ಮಾಡ್ತೀನ್ರಿ." ಟಿಕೆಟ್ ಉಳಿದದ್ದಷ್ಟೇ ಅಲ್ಲ, ಎರಡನೆಯ ಸಂಬಳವೂ ಬಂತು. ಉಚಿತ ಬಸ್ಸನ್ನು ಬರೀ ಖರ್ಚೆಂದು ಲೆಕ್ಕ ಹಾಕುವವರು ಇದನ್ನೂ ಕೂಡಿಸಿಕೊಳ್ಳಬೇಕು.

ಊರೊಳಗೆ ಮಾತು ಬೇಗ ರೇಷನ್ ಕಾರ್ಡಿಗೆ ಬರುತ್ತದೆ. ಅದಕ್ಕೆ ಕಾರಣವಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ. ಹತ್ತು ವರ್ಷದ ಮೇಲೆ ಬಂದ ರಾಜ್ಯದ ಗೃಹಲಕ್ಷ್ಮಿ ಯೋಜನೆ ಅದೇ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವುದೆಂದು ಗೊತ್ತುಮಾಡಿತು. ಅಕ್ಕಿಗೆಂದು ಬರೆಸಿದ ಹೆಸರು ಈಗ ಬ್ಯಾಂಕಿನ ಪಾಸ್‌ಬುಕ್ಕಿಗೂ ಆಧಾರ. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬರು ಮೊಮ್ಮಗಳ ಫೀಸು, ತಮ್ಮ ಬಿ.ಪಿ. ಗುಳಿಗೆ ಎಲ್ಲಾ ಅದರಲ್ಲೇ ಆಗುತ್ತದೆಂದು ಹೇಳಿದರು. ಮಗನ ಮುಂದೆ ಕೈಚಾಚುವುದು ತಪ್ಪಿತೆಂಬುದನ್ನು ಮಾತ್ರ ಎರಡು ಸಲ ಹೇಳಿದರು.

ಆದರೆ ಪಕ್ಕದಲ್ಲೇ ನಿಂತ ಸೊಸೆಗೆ ಇದ್ಯಾವುದೂ ಇಲ್ಲ. ಗಂಡ-ಹೆಂಡತಿ ಬೇರೆ ಒಲೆ ಹೂಡಿದ್ದಾರೆ, ಕಾರ್ಡು ಮಾತ್ರ ಇನ್ನೂ ಅತ್ತೆಯದೇ. ಬೇರೆ ಕಾರ್ಡಿಗೆ ಅರ್ಜಿ ಹಾಕಿ ಕಾದಿದ್ದಾರೆ. "ಕಾಗದದಾಗ ನಾವು ಕೂಡೇ ಇದ್ದೀವ್ರಿ," ಎಂದರು. ಗಂಡ ಬಿಟ್ಟುಹೋದವರು, ತವರಿಗೆ ಮರಳಿದವರು, ಹೆಸರು ಗಂಡನೂರಿನ ಕಾರ್ಡಿನಲ್ಲೇ ಉಳಿದವರು ಎಲ್ಲರೂ ಇದೇ ಸಾಲಿನವರು. ಅತ್ಯಂತ ಬಡವರ ಬದುಕು ಹೆಚ್ಚು ಚೂರಾಗಿರುತ್ತದೆ, ಅವರ ಕಾಗದವೂ ಚೂರಾಗಿರುತ್ತದೆ. ಕಲ್ಲು, ಸಿಮೆಂಟು, ಮೂಟೆಯ ಕೆಲಸ ಮಾಡಿದ ಕೈಗಳಿಗೆ ಇನ್ನೊಂದು ಕಷ್ಟವೂ ಇದೆ. ಬೆರಳಿನ ಗೆರೆ ಸವೆದು ಯಂತ್ರದ ಮೇಲೆ 'ಥಂಬ್' ಬೀಳುವುದಿಲ್ಲ. ನನ್ನ ಲೆಕ್ಕದಲ್ಲಿ ಯೋಜನೆಯ ಘೋಷಣೆಗಿಂತ ಕಾರ್ಡಿನ ಇಂಥ ಸಣ್ಣ ತಿದ್ದುಪಡಿ ಮಾಡಿಕೊಡುವ ಕಿಟಕಿ ದೊಡ್ಡದು. ಅಲ್ಲಿ ಕೂರುವ ಒಬ್ಬ ಆಪರೇಟರ್ ತಾಳ್ಮೆಯಿಂದ ಕೇಳಿಸಿಕೊಂಡರೆ ಒಂದು ಮನೆ ಉಳಿಯುತ್ತದೆ.

ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಇದೇ ಕಲಬುರಗಿಯಲ್ಲಿ. ಕಲಬುರಗಿ ಮತ್ತು ಸುತ್ತಲಿನ ಈ ಜಿಲ್ಲೆಗಳಿಗೆ ಎಲ್ಲವೂ ತಡವಾಗಿಯೇ ಬಂದದ್ದನ್ನು ನೆನೆದರೆ ಆ ಆಯ್ಕೆ ಸರಿಯೆನಿಸುತ್ತದೆ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು, ಅವುಗಳಲ್ಲಿ 21 ಈ ಭಾಗದವೇ. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ನಂತರ 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂತು. ಇಲ್ಲಿನ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ ಮೀಸಲಾದವು.

ಆ ಮೀಸಲಾತಿಯ ಬಾಗಿಲು ಮುಟ್ಟಬೇಕಾದರೆ ಮಗು ಮೊದಲು ಹತ್ತನೇ ತರಗತಿ ದಾಟಬೇಕು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೇಲಿತ್ತು, ಕಲಬುರಗಿ ಶೇ. 42.43ರೊಂದಿಗೆ ಕಟ್ಟಕಡೆಗಿತ್ತು. ಆ ಅಂಕಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ. ತೊಗರಿ ರಾಶಿಯ ಕಾಲದಲ್ಲಿ ಅಪ್ಪ-ಅವ್ವನ ಹಿಂದೆ ಹೊಲಕ್ಕೆ ಹೋಗುವ ಮಗು, ಶಿಕ್ಷಕರ ಖಾಲಿ ಹುದ್ದೆ, ಹೊಟ್ಟೆಯ ಹಸಿವು ಎಲ್ಲವೂ ಆ ಅಂಕಿಯೊಳಗಿವೆ. ಹಸಿವಿನ ವಿಷಯದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದರು. ವಿರೋಧವೂ ಬಂತು. ಕೊನೆಗೆ ಅದು ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು.

ಕೈಗಾರಿಕಾ ಪ್ರದೇಶದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಮಾಲರು ಊಟಕ್ಕೆ ಕೂತಿದ್ದರು. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಹಮಾಲರೂ ಇದ್ದಾರೆ. ಮಾತಾಡಿಸಿದವರಲ್ಲಿ ಅದರ ಕಾರ್ಡು ಮಾಡಿಸಿಕೊಂಡಿದ್ದವರು ಒಬ್ಬರೇ.

ಹುಮನಾಬಾದ್ ರಸ್ತೆಯ ಕಮಲಾಪುರದ ಕಡೆ ಹೋದರೆ ಕಾಗದದ ಕಥೆಗೆ ಇನ್ನೊಂದು ಮುಖ ಕಾಣುತ್ತದೆ. ಕೆಂಪು ಬಾಳೆಗೆ ಹೆಸರಾದ ಆ ನೆಲದ ಗುಡ್ಡಗಳ ನಡುವೆ ಲಂಬಾಣಿ ತಾಂಡಾಗಳಿವೆ. ತಾಂಡಾ ಇರುತ್ತದೆ, ಮನೆ ಇರುತ್ತದೆ, ತಲೆಮಾರಿನಿಂದ ಜನ ಇರುತ್ತಾರೆ, ಆದರೆ ಕಂದಾಯ ದಾಖಲೆಯಲ್ಲಿ ಊರೇ ಇಲ್ಲ. ಹಾಗಿದ್ದರೆ ಮನೆಗೆ ಖಾತೆ ಇಲ್ಲ, ಬ್ಯಾಂಕ್ ಸಾಲ ಇಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ವಸತಿಗಳು ಕಂದಾಯ ಗ್ರಾಮಗಳಾದವು. ನಾನು ಕಂಡ ಸಾಮಾಜಿಕ ನೀತಿಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಘನತೆ ಕೊಟ್ಟದ್ದು ಅಪರೂಪ.

ಪತ್ರ ಬಂದ ಮೇಲೂ ಕೆಲಸ ಉಳಿದಿದೆ. ಗ್ರಾಮ ಪಂಚಾಯಿತಿಯಲ್ಲಿ ಮನೆಯ ಇ-ಸ್ವತ್ತು ದಾಖಲೆ ಆಗಬೇಕು, ತೀರಿಹೋದವರ ಪತ್ರದಲ್ಲಿ ವಾರಸುದಾರರ ಹೆಸರು ಏರಬೇಕು. ಇದಕ್ಕೆಲ್ಲ ಮನೆಯವರು ಊರಲ್ಲಿರಬೇಕು. ಆದರೆ ದೀಪಾವಳಿ ಹಬ್ಬ ಮುಗಿಯುತ್ತಲೇ ಅನೇಕ ತಾಂಡಾಗಳ ಜನ ಮುಂಬೈ, ಪುಣೆ ಕಡೆ ಗುಳೆ ಹೊರಡುತ್ತಾರೆ. ಹಾಗಾಗಿ ಕಚೇರಿಯೇ ತಾಂಡಾಕ್ಕೆ ಹೋಗಬೇಕು. ಕಂದಾಯದವರು, ಆಹಾರ ಇಲಾಖೆಯವರು, ಪಂಚಾಯಿತಿ ಆಪರೇಟರ್, ಮೂವರೂ ಕಂಪ್ಯೂಟರ್ ಸಮೇತ ದೀಪಾವಳಿಗೆ ಮುಂಚೆಯೇ ಒಂದೊಂದು ತಾಂಡಾದಲ್ಲಿ ಕೂರಲಿ. ನಂದೂರಿನ ಆ ಸೊಸೆಯ ಕಾರ್ಡೂ ಅಂಥದೇ ಒಂದು ದಿನದಲ್ಲಿ ಬೇರೆಯಾಗಬಹುದು.