ಮಾರಾಟಕ್ಕೆ ಬಂದ ಮನೆಯನ್ನು ನೋಡುವ ಬಗೆ

ತೋಟ ಕೊಳ್ಳಲು ಹೊರಟ ಬೆಳೆಗಾರನಿಗೆ ಏನು ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಗಿಡದ ಬುಡ ಕೆದಕುತ್ತಾನೆ, ಬಸಿಗಾಲುವೆ ನೋಡುತ್ತಾನೆ, ನೆರಳಿನ ಮರ ಎಣಿಸುತ್ತಾನೆ, ಬೇಸಗೆಯಲ್ಲಿ ಕೆರೆಯ ನೀರು ಎಲ್ಲಿಯವರೆಗೆ ಇಳಿಯುತ್ತದೆಂದು ನೆರೆಯವರಲ್ಲಿ ವಿಚಾರಿಸುತ್ತಾನೆ. ಆದರೆ ಅದೇ ತೋಟದೊಳಗಿನ ಮನೆಯ ವಿಷಯ ಬಂದಾಗ ಬಾಗಿಲ ಕೆತ್ತನೆಗೆ ಮನಸೋಲುತ್ತಾನೆ, ಇಲ್ಲವೇ ‘ಹಳೇ ಕೊಂಪೆ’ ಎಂದು ಮುಖ ತಿರುಗಿಸುತ್ತಾನೆ. ಇವೆರಡೂ ಸರಿಯಾದ ಪರೀಕ್ಷೆಯಲ್ಲ.

ಮಲೆನಾಡಿನಲ್ಲೂ ಕೊಡಗಿನಲ್ಲೂ ಈಚಿನ ವರ್ಷಗಳಲ್ಲಿ ಮನೆಗಳು ಮಾರಾಟಕ್ಕೆ ಬರುತ್ತಿವೆ. ಮಕ್ಕಳು ಬೇರೆ ಊರುಗಳಲ್ಲಿ ನೆಲೆನಿಂತಿದ್ದಾರೆ, ದೊಡ್ಡ ಮನೆಯನ್ನು ನೋಡಿಕೊಳ್ಳಲು ಮುಪ್ಪಿನವರಿಗೆ ಕೈಲಾಗುವುದಿಲ್ಲ. ಕೊಳ್ಳುವವರಲ್ಲಿ ಹೋಂಸ್ಟೇ ನಡೆಸುವವರಿದ್ದಾರೆ, ಮರದ ವ್ಯಾಪಾರಿಗಳಿದ್ದಾರೆ, ನಮ್ಮಂಥ ಸಣ್ಣ ಹಿಡುವಳಿದಾರರೂ ಇದ್ದಾರೆ. ಮಾರುವವರೂ ಕೊಳ್ಳುವವರೂ ನಮ್ಮ ಸದಸ್ಯ ಬಾಂಧವರೇ ಆಗಿರುವುದರಿಂದ, ಮನೆಯ ಅಂದವನ್ನೂ ಕುಂದನ್ನೂ ಅಳೆಯುವ ಒಂದು ಅಳತೆಗೋಲನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಪರೀಕ್ಷಕ ಮಳೆ

ನಮ್ಮ ಸೀಮೆಯಲ್ಲಿ ಮನೆಯ ಗುಣವನ್ನು ಹೇಳುವುದು ಮಳೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ. ಮಡಿಕೇರಿಗೆ 3,000 ಮಿ.ಮೀ. ಮೇಲೆ. ಆಗುಂಬೆಗೆ 7,000 ಮಿ.ಮೀ.ಗೂ ಹೆಚ್ಚು. 1,500 ಚದರಡಿ ನೆಲವನ್ನು ಮುಚ್ಚುವ ಮಾಡಿನ ಮೇಲೆ 3,000 ಮಿ.ಮೀ. ಮಳೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರಿಗೂ ಮಿಕ್ಕ ನೀರು. ಈ ನೀರನ್ನು ಮನೆ ಎತ್ತ ಕಳುಹಿಸುತ್ತದೆ? ಗೋಡೆಯನ್ನು ಹೇಗೆ ಒಣಗಿಸಿಕೊಳ್ಳುತ್ತದೆ? ಒಳಗೆ ದುಡಿಯುವವರಿಗೆ ಬೆಳಕು, ಗಾಳಿ ಎಷ್ಟು ಕೊಡುತ್ತದೆ? ಕೆತ್ತನೆ, ಬಣ್ಣ, ದೀಪಗಳ ಮಾತು ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲಿನದು.

ತೊಟ್ಟಿಮನೆ: ಮೆಚ್ಚಬೇಕಾದ್ದು, ಮೆಚ್ಚಬಾರದ್ದು

ಹಳೆಯ ತೊಟ್ಟಿಮನೆಯಲ್ಲಿ ಮೆಚ್ಚಬೇಕಾದ್ದು ಬಹಳವಿದೆ. ಮಾಡು ಕಡಿದಾಗಿ ಇಳಿದು, ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ. ಹುಲ್ಲು, ಸೋಗೆ ಹೊದಿಸುತ್ತಿದ್ದ ಕಾಲದಲ್ಲಿ ಇಳಿಜಾರು ಕಡಿದಾಗಿರದಿದ್ದರೆ ನೀರು ಒಳಗಿಳಿಯುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೊದಿಕೆ ಬದಲಾಯಿತು, ಇಳಿಜಾರಿನ ವಿವೇಕ ಉಳಿಯಿತು. ನಡುವಿನ ತೊಟ್ಟಿ ಬೆಳಕನ್ನು ಒಳಗೆ ತರುತ್ತದೆ, ಬಿಸಿ ಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಕಂಬದ ಬುಡಕ್ಕೆ ಕಲ್ಲು ಕೊಟ್ಟದ್ದು ಅಂದಕ್ಕಷ್ಟೇ ಅಲ್ಲ, ನೆಲದ ತೇವ ಮತ್ತು ಗೆದ್ದಲು ಮರಕ್ಕೆ ನೇರವಾಗಿ ಏರದಿರಲಿ ಎಂದು. ಕೊಡವರ ಐನ್‌ಮನೆಗಳ ಕಯ್ಯಾಲೆಯಲ್ಲಿ ಕಂಬದಿಂದ ಕಂಬಕ್ಕೆ ಹಾಸಿದ ಆಯಿಮರದ ಮೇಲೆ ಕುಳಿತರೆ ಮಳೆಯನ್ನು ನೋಡಬಹುದು, ನೆನೆಯಬೇಕಾಗಿಲ್ಲ. ಐನ್‌ಮನೆ ಇಡೀ ಒಕ್ಕಕ್ಕೆ ಸೇರಿದ್ದು, ಒಬ್ಬರು ಮಾರುವಂಥದಲ್ಲ. ಆದರೆ ಮನೆ ಕೊಳ್ಳುವವರು ಅದನ್ನು ಒಮ್ಮೆ ನೋಡಿ ಬಂದರೆ ಕಣ್ಣು ಪಳಗುತ್ತದೆ.

ಇನ್ನು ಕುಂದು. ಈ ಮನೆಗಳ ಜಗಲಿಗೆ ಸಿಕ್ಕ ಗಾಳಿ ಬೆಳಕು ಅಡಿಗೆಮನೆಗೆ ಸಿಕ್ಕಿಲ್ಲ. ಅತಿಥಿಗಳು ಕೂರುವ ಕಡೆ ಕೆತ್ತನೆಯ ಕಂಬ, ಹೆಂಗಸರು ದಿನದ ಅರ್ಧ ಕಳೆಯುವ ಕಡೆ ಅಂಗೈಯಗಲದ ಕಿಂಡಿ. ಬಚ್ಚಲು ಒಂದು ತುದಿಯಲ್ಲಿ, ಕಕ್ಕಸು ಅಂಗಳದಾಚೆ. ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ಎಪ್ಪತ್ತು ವರ್ಷದ ತಾಯಿಯನ್ನು ಆಷಾಢದ ರಾತ್ರಿ ಅಂಗಳ ದಾಟಿಸಬೇಕಾದ ಮನೆಯನ್ನು ‘ಪರಂಪರೆ’ ಎಂದು ಹೊಗಳಿ ಸುಮ್ಮನಾಗಲಾಗದು. ಅಡಿಗೆಮನೆಗೆ ಕಿಟಕಿ ತೆಗೆಯಲು, ಮಲಗುವ ಕೋಣೆಯ ಪಕ್ಕ ಬಚ್ಚಲು ಸೇರಿಸಲು ಎಷ್ಟು ಖರ್ಚಾಗುತ್ತದೆಂದು ಲೆಕ್ಕ ಹಾಕಿ, ಅದನ್ನು ಬೆಲೆಯಿಂದ ಕಳೆದು ಮಾತಾಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಹಿಂದೆ ಒಲೆಯ ಹೊಗೆ ಅಟ್ಟಕ್ಕೇರಿ ತೊಲೆ, ಪಕಾಸು, ರೀಪುಗಳನ್ನು ಒಣಗಿಸಿಡುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದು ಕಣ್ಣಿಗೂ ಶ್ವಾಸಕೋಶಕ್ಕೂ ಒಳ್ಳೆಯದೇ ಆಯಿತು. ಆದರೆ ಮರಕ್ಕಿದ್ದ ಆ ಕಾವಲು ಹೋಯಿತು. ಹಲವು ಮಳೆಗಾಲ ಬೀಗ ಹಾಕಿಟ್ಟ ಮನೆಯಂತೂ ಒಳಗೊಳಗೇ ಕೆಡುತ್ತಿರುತ್ತದೆ. ಆದ್ದರಿಂದ ಕೆತ್ತಿದ ಬಾಗಿಲನ್ನು ಬಿಟ್ಟು ಮೊದಲು ಅಟ್ಟ ಹತ್ತಿರಿ. ಗೋಡೆಯ ಮೇಲೆ ಕುಳಿತ ತೊಲೆಯ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಮರ ಸತ್ತಿದೆ. ತಟ್ಟಿದರೆ ಪೊಳ್ಳು ಸದ್ದು, ಕೆಳಗೆ ಹಿಟ್ಟಿನಂಥ ಪುಡಿ, ಗೋಡೆಯಲ್ಲಿ ಮಣ್ಣಿನ ಸಣ್ಣ ಕೊಳವೆ, ಇವು ಮೂರೂ ಹುಳು ಮತ್ತು ಗೆದ್ದಲಿನ ಗುರುತು.

ಬಂಗಲೆ ಮತ್ತು ಹೊಸ ಮನೆ

ಬ್ರಿಟಿಷರ ಕಾಲದ ತೋಟದ ಬಂಗಲೆಯಲ್ಲಿ ದೊಡ್ಡ ಗುಣವೆಂದರೆ ಅಗಲವಾದ ವೆರಾಂಡ. ಗೋಡೆಗೆ ಎರಚಲು ತಾಗುವುದಿಲ್ಲ, ಮಳೆ ಬರುತ್ತಿದ್ದರೂ ಕಿಟಕಿ ತೆರೆದಿಡಬಹುದು. ಆದರೆ ಕೋಣೆಗಳು ಎತ್ತರವಾಗಿದ್ದು ಡಿಸೆಂಬರಿನಲ್ಲಿ ಮೈ ಕೊರೆಯುತ್ತದೆ. ಅಗ್ಗಿಷ್ಟಿಕೆಯ ಚಿಮಣಿ ಮಾಡನ್ನು ಸೀಳಿಕೊಂಡು ಹೋಗುವ ಜಾಗ ಸೋರುವ ಜಾಗವೂ ಹೌದು. ಅಡಿಗೆಮನೆಯನ್ನು ದೂರ ಕಟ್ಟಿದ್ದು ಆಳುಕಾಳುಗಳು ಬಹಳ ಇದ್ದ ಮನೆತನಕ್ಕಾಗಿ. ನಾಲ್ಕು ಜನರ ಸಂಸಾರಕ್ಕೆ ಅದು ನಡೆದಾಟದ ದಂಡ.

ಹೊಸ ಮನೆಗಳನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಅಲ್ಲಿ ಬೆಳಕಿದೆ, ನಿಂತು ಅಡಿಗೆ ಮಾಡುವ ಕಟ್ಟೆಯಿದೆ, ಮುದುಕರಿಗೆ ಹತ್ತಿರವೇ ಬಚ್ಚಲಿದೆ. ತೊಂದರೆ ಬರುವುದು ಬಯಲುಸೀಮೆಯ ನಕ್ಷೆಯನ್ನು ಹಾಗೆಯೇ ತಂದು ಇಲ್ಲಿ ಕಟ್ಟಿದಾಗ. ಚಪ್ಪಟೆ ಆರ್‌ಸಿಸಿ ತಾರಸಿ, ಅರ್ಧ ಅಡಿಯ ಸಜ್ಜ, ನೈರುತ್ಯ ಮಳೆ ನೇರವಾಗಿ ಬಡಿಯುವ ಪಡುವಣ ಗೋಡೆಗೆ ಆಳೆತ್ತರದ ಗಾಜು. ಕೆಲವೇ ಮಳೆಗಾಲದಲ್ಲಿ ತಾರಸಿ ಒಸರುತ್ತದೆ, ಅದರ ಮೇಲೆ ಶೀಟು ಏರುತ್ತದೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ನುಣುಪು ಟೈಲ್ಸ್ ಮೇಲೆ ಒದ್ದೆ ಕಾಲಿಟ್ಟರೆ ಸೊಂಟಕ್ಕೆ ಅಪಾಯ. ಹೊಟ್ಟಿನ ಹಲಗೆಯ ಮಾಡ್ಯುಲರ್ ಕಪಾಟು ನಮ್ಮ ಥಂಡಿಗೆ ಉಬ್ಬುತ್ತದೆ. ಹೊರಗೋಡೆಗೆ ಕಿಟಕಿಯಿಲ್ಲದ ಬಚ್ಚಲು ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗುವುದೇ ಇಲ್ಲ.

ಬಣ್ಣದ ಹಿಂದೆ ಏನಿದೆ?

ಮಾರಾಟಕ್ಕೆಂದು ಶೃಂಗರಿಸಿದ ಒಳಾಂಗಣವನ್ನು ಸಂಶಯದಿಂದ ನೋಡಬೇಕು. ಒಂದೇ ಗೋಡೆಗೆ ಹೊಸ ಬಣ್ಣ ಬಂದಿದ್ದರೆ ಅದಕ್ಕೇ ಏಕೆ ಎಂದು ಕೇಳಿ. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಬಿಚ್ಚಿಸಿ ಮೇಲಿನ ಕಲೆ ನೋಡಿ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆ ತೇವವನ್ನು ಹೀರಿ ಮತ್ತೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡ ಬರುವುದಿಲ್ಲ. ಅದೇ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಹಕ್ಕಳೆ ಏಳುತ್ತದೆ. ಹಳೆಯ ರೆಡ್ ಆಕ್ಸೈಡ್ ನೆಲದ ನುಣುಪು ಮೆಚ್ಚತಕ್ಕದ್ದೇ. ಆದರೆ ಬಿರುಕು ಬಿಟ್ಟರೆ ಬಣ್ಣ ಕೂಡುವಂತೆ ತೇಪೆ ಹಾಕುವುದು ಕಷ್ಟ.

ಮನೆಗಳನ್ನು ತೋರಿಸುವುದು ಸಾಮಾನ್ಯವಾಗಿ ಕಾಫಿ ಹೂವಿನ ಕಾಲದಲ್ಲಿ. ಆಗ ಎಲ್ಲ ಮನೆಯೂ ಚೆಂದವೇ. ಮುಂಗಡ ಕೊಡುವ ಮೊದಲು ಜುಲೈ ತಿಂಗಳಲ್ಲಿ, ಜಡಿಮಳೆಯ ದಿನವೇ, ಒಮ್ಮೆ ಹೋಗಿ ಬನ್ನಿ. ಮನೆಯ ಹಿಂದಿನ ಧರೆಯನ್ನೂ ಆಗ ನೋಡಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಮನೆಗಳು ಹೋದದ್ದನ್ನು ಮರೆಯುವಂತಿಲ್ಲ. ಧರೆ ನೇರವಾಗಿ ಕಡಿದಿದೆಯೇ, ತಡೆಗೋಡೆಯಲ್ಲಿ ನೀರು ಹೊರಬರಲು ತೂತುಗಳಿವೆಯೇ, ಅಂಗಳದಲ್ಲಿ ಬಿರುಕಿದೆಯೇ, ಮೇಲಿನ ಮರಗಳು ವಾಲಿವೆಯೇ, ಇಷ್ಟನ್ನು ನೋಡದೆ ಎಷ್ಟು ಸುಂದರ ಮನೆಯನ್ನೂ ಕೊಳ್ಳಬೇಡಿ.

ಮಾರುವವರಿಗೆ ಎರಡು ಮಾತು

ಮರದ ವ್ಯಾಪಾರಿ ಮನೆಯನ್ನು ಘನಅಡಿಯಲ್ಲಿ ನೋಡುತ್ತಾನೆ. ಬೀಟೆಯ ಬಾಗಿಲು, ಹಲಸಿನ ಕಂಬ, ತೇಗದ ತೊಲೆ, ಇವಿಷ್ಟೇ ಅವನ ಲೆಕ್ಕ. ಆದರೆ ಕೂಡಿ ನಿಂತ ಮನೆಗೆ ಬೇರೆಯೇ ಬೆಲೆಯಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪದ ಮೂಲಕ ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಚಿಕ್ಕಮಗಳೂರಿನ ಮನೆಯೊಂದನ್ನು ಜನ ಟಿಕೆಟ್ ಕೊಟ್ಟು ನೋಡುತ್ತಾರೆ. ಆದ್ದರಿಂದ ಮರದ ಬೆಲೆ ಮತ್ತು ಮನೆಯ ಬೆಲೆ ಎರಡನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದ ಮೇಲೆ ಮಾತು ಕೊಡಿ. ನಂಬಿಕೆಯ ಬಡಗಿಯೊಬ್ಬರಿಂದ ಮರಮುಟ್ಟಿನ ಪಟ್ಟಿ ಮಾಡಿಸಿಟ್ಟುಕೊಳ್ಳಿ.

ಗಿರಾಕಿ ಬರುವವರೆಗೆ ಮನೆಗೆ ಬೀಗ ಜಡಿದಿಡಬೇಡಿ. ವಾರಕ್ಕೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸಿ, ಮಳೆಗಾಲಕ್ಕೆ ಮುಂಚೆ ಹೆಂಚು ತಿರುವಿಸಿ, ದೋಣಿಯ ಕಸ ತೆಗೆಸಿ. ಸೋರುವ ಜಾಗವನ್ನು ಬಣ್ಣದಿಂದ ಮುಚ್ಚಿಡುವ ಬದಲು ಇಂತಲ್ಲಿ ಸೋರುತ್ತದೆ, ಇಂಥ ವರ್ಷ ದುರಸ್ತಿ ಮಾಡಿಸಿದೆ ಎಂದು ಹೇಳಿಬಿಡಿ. ಬಣ್ಣದ ಖರ್ಚೂ ಉಳಿಯುತ್ತದೆ, ಕೊಂಡವರು ಮೊದಲ ಮಳೆಗೆ ಬಂದು ನಿಮ್ಮ ಬಾಗಿಲು ತಟ್ಟುವುದೂ ತಪ್ಪುತ್ತದೆ.