ಕಿಟ್ಟೆಲರ ಎರಡು ಕೆಲಸಗಳು

ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಅಯ್ಯನವರ ಮನೆ. ಮದುವೆ, ಮನೆಯೊಕ್ಕಲು, ಮಣ್ಣು, ಯಾವದಿದ್ದರೂ ಊರವರು ನಮ್ಮ ಬಾಗಿಲಿಗೆ ಬರುವರು. ತಂದೆಯವರಿಗೆ ಮೊಣಕಾಲು ಬೇನೆ ಹೆಚ್ಚಾದಂದಿನಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಕಳೆದ ವರ್ಷ ಪರೀಕ್ಷೆಯ ಹಿಂದಿನ ದಿನ ಒಂದು ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ ಪುಸ್ತಕ ತೆರೆದಾಗ, ಧರ್ಮದ ಕೆಲಸವನ್ನೂ ಓದನ್ನೂ ಒಬ್ಬನೇ ಹೇಗೆ ನಡೆಸಬೇಕೆಂಬ ಪ್ರಶ್ನೆ ಎದ್ದಿತು. ಆಗ ನೆನಪಾದವರು, ನಾವೆಲ್ಲ ಗ್ರಂಥಾಲಯದಲ್ಲಿ ಎರಡು ಕೈಯಿಂದ ಎತ್ತುವ ಆ ನಿಘಂಟಿನ ಕರ್ತೃ.

ಫರ್ಡಿನೆಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಶನ್ ಅವರನ್ನು ಇಲ್ಲಿಗೆ ಕಳಿಸಿದ್ದು ಕ್ರಿಸ್ತಮತದ ಬೋಧನೆಗೇ ಹೊರತು ನಿಘಂಟಿಗಲ್ಲ. ಬೋಧನೆಗೆ ಬೇಕಾದಷ್ಟು ಕನ್ನಡ ಕಲಿಯಲು ಮಿಶನ್ನಿನ ಅಡ್ಡಿಯಿರಲಿಲ್ಲ. ಕಿಟ್ಟೆಲರು ಅಷ್ಟಕ್ಕೆ ನಿಲ್ಲದೆ ಹಳಗನ್ನಡಕ್ಕೆ ಇಳಿದರು, ಮೇಲಿನವರಿಗೆ ಅಸಮಾಧಾನವಾಯಿತು. ಆ ಅಸಮಾಧಾನ ತೀರ ಅನ್ಯಾಯದ್ದೆಂದು ನನಗೆ ತೋರದು. ಊರೂರು ತಿರುಗಬೇಕಾದವರು ಓಲೆಗರಿ ಹಿಡಿದು ಕುಳಿತರೆ ಕಳಿಸಿದವರು ಕೇಳದಿರುವರೇ? (ನಮ್ಮ ತಂದೆಯವರೂ ಕೇಳುತ್ತಾರೆ.)

ಮೊದಲು ಅವರು ಎರಡನ್ನೂ ಒಂದೇ ನೊಗಕ್ಕೆ ಹೂಡಿದರು. 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿದರು. ಮುಂದೆ ಜೈನನಾದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಜೈನ, ವೀರಶೈವ, ಬ್ರಾಹ್ಮಣ ಕವಿಗಳ ಪ್ರಯೋಗಗಳೂ ಜನರ ಗಾದೆಗಳೂ ಅಲ್ಲುಂಟು. ಬೋಧಕನು ಕೇಳುವವನ ಮನಸ್ಸು ತಿರುಗಲೆಂದು ಬಯಸುವನು. ನಿಘಂಟುಕಾರನು ಅವನು ಆಡಿದ್ದನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ನಿಜವಾದ ಕಷ್ಟವಿರುವದು ಇಲ್ಲಿ. ಹೊತ್ತು ಸಾಲದೆಂಬುದು ಆಮೇಲಿನ ಮಾತು. ತಮಗೆ ಒಪ್ಪಿಗೆಯಿಲ್ಲದ ಮತಗಳ ಪದಗಳನ್ನು ವರ್ಷಗಟ್ಟಲೆ ಹಾಗೆ ಕೂಡಿಹಾಕಿದ ಪಾದ್ರಿಗಳ ತಾಳ್ಮೆಗೆ ನಾನು ಬೆರಗಾಗಿದ್ದೇನೆ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು. ಅದೇ ವರ್ಷ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಅಯ್ಯತನಕ್ಕೆ ಹೋದ ಮನೆಗಳಲ್ಲಿ ಮುದುಕಿಯರ ಬಾಯಿಂದ ಹೊಸ ಮಾತು ಬಿದ್ದರೆ, ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬರೆದುಕೊಳ್ಳುತ್ತೇನೆ. ಈವರೆಗೆ 140 ಆಗಿವೆ. ಅದರಲ್ಲಿ ಕೆಲವು ಕಿಟ್ಟೆಲರಲ್ಲಿ ಸಿಕ್ಕಿಲ್ಲ. ತಂದೆಯವರಿಗೆ ಪುಸ್ತಕವನ್ನು ಇನ್ನೂ ತೋರಿಸಿಲ್ಲ.