ಗೋಧಿ ಒಗ್ಗದ ಮಕ್ಕಳು: ಪರೀಕ್ಷೆಗೆ ಕೈಯಿಂದ ಹಣ ಕಟ್ಟುವ ಮುನ್ನ

ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ನಮ್ಮ ಮುಂದೆ ಬರುವ ಪ್ರಶ್ನೆಗಳಲ್ಲಿ ಈಗ ಇದೂ ಒಂದು. ಮಗುವಿಗೆ ಹೊಟ್ಟೆ ಉಬ್ಬರ, ಪದೇ ಪದೇ ಭೇದಿ. ಎಷ್ಟು ಟಾನಿಕ್ ಕುಡಿಸಿದರೂ ರಕ್ತ ಏರುತ್ತಿಲ್ಲ, ಎತ್ತರವೂ ಬೆಳೆಯುತ್ತಿಲ್ಲ. ವೈದ್ಯರು ಸೀಲಿಯಾಕ್ ಪರೀಕ್ಷೆ ಬರೆದಿದ್ದಾರೆ, ವಿಮೆ ಇಲ್ಲ. ಏನು ಮಾಡುವುದು?

ಗೋಧಿ ಮತ್ತು ಬಾರ್ಲಿಯಲ್ಲಿ (ಜೌ) ಗ್ಲುಟೆನ್ ಎಂಬ ಅಂಶವಿದೆ. ಕೆಲವರ ದೇಹ ಅದನ್ನು ಶತ್ರುವೆಂದು ಬಗೆದು ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆಗ ತಿಂದದ್ದು ಮೈಗೆ ಹತ್ತುವುದಿಲ್ಲ. ಗೋಧಿ ಹೆಚ್ಚು ಉಣ್ಣುವ ಉತ್ತರ ಭಾರತದಲ್ಲಿ ಇದು ಹೆಚ್ಚು. ಜೋಳ, ಅನ್ನ ಉಣ್ಣುವ ನಮ್ಮ ಕಡೆ ಕಡಿಮೆ, ಹಾಗಾಗಿ ಅನುಮಾನ ಬರುವುದೂ ತಡ.

ಹಣ ಉಳಿಸಲು ಬಹಳ ಜನ ಮಾಡುವ ತಪ್ಪು ಒಂದಿದೆ: ಪರೀಕ್ಷೆಗೆ ಮೊದಲೇ ಚಪಾತಿ, ಬ್ರೆಡ್ ಬಿಡಿಸಿಬಿಡುವುದು. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿನ ಗುರುತು ಕ್ರಮೇಣ ಇಳಿಯುತ್ತದೆ. ರೋಗವಿದ್ದರೂ ವರದಿ 'ಇಲ್ಲ' ಎನ್ನಬಹುದು. ಕಟ್ಟಿದ ಹಣವೂ ಹೋಯಿತು, ಉತ್ತರವೂ ಸಿಗಲಿಲ್ಲ. ಈಗಾಗಲೇ ಬಿಟ್ಟಿದ್ದರೆ ವೈದ್ಯರಿಗೆ ಹೇಳಿ. ಕನಿಷ್ಠ ಆರು ವಾರ ದಿನವೂ ಗೋಧಿ ತಿನ್ನಿಸಿ ನಂತರ ರಕ್ತ ಕೊಡಲು ಅವರು ಹೇಳಬಹುದು.

ಮೊದಲ ಪರೀಕ್ಷೆಯ ಹೆಸರು ಟಿಟಿಜಿ-ಐಜಿಎ. ಖಾಸಗಿ ಲ್ಯಾಬ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 1,000ರಿಂದ 2,000 ರೂಪಾಯಿ ಆಗುತ್ತದೆ. ಒಂದೊಂದು ಕಡೆ ಒಂದೊಂದು ದರ, ಫೋನ್ ಮಾಡಿ ಕೇಳಿಯೇ ಹೋಗಿ. ಅದೇ ರಕ್ತದಲ್ಲಿ ಒಟ್ಟು ಐಜಿಎ ಕೂಡ ನೋಡಿಸಿ. ಐಜಿಎ ಮೊದಲೇ ಕಡಿಮೆ ಇರುವವರಲ್ಲಿ ಟಿಟಿಜಿ ವರದಿ ಸುಳ್ಳು ಸಮಾಧಾನ ಕೊಡುತ್ತದೆ. ಸಾವಿರಾರು ರೂಪಾಯಿಯ 'ಅಲರ್ಜಿ ಪ್ಯಾಕೇಜ್' ಈ ರೋಗಕ್ಕೆ ಉತ್ತರವಲ್ಲ. ಜೀನ್ ಪರೀಕ್ಷೆಯಿಂದಲೂ ರೋಗ ಖಚಿತವಾಗದು, ಇಲ್ಲವೆಂದು ತಳ್ಳಿಹಾಕಲಷ್ಟೇ ಅದು ಉಪಯೋಗ. ಟಿಟಿಜಿ ಏರಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ, ದೊಡ್ಡ ಖರ್ಚು ಅದೇ. ಮಿತಿಯ ಹತ್ತು ಪಟ್ಟಿಗಿಂತ ಏರಿದ ಮಕ್ಕಳಿಗೆ ಇನ್ನೊಂದು ರಕ್ತ ಪರೀಕ್ಷೆಯೇ ಸಾಕಾಗಬಹುದು. ತಜ್ಞರನ್ನು ಇದನ್ನು ಕೇಳಲು ಸಂಕೋಚ ಬೇಡ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಮುಖ್ಯವಾಗಿ ದಾಖಲಾದ ಚಿಕಿತ್ಸೆಗೆ. ಹೊರರೋಗಿಯ ರಕ್ತ ಪರೀಕ್ಷೆಗೆ ಅದನ್ನು ನಂಬಿ ಕೂರಬೇಡಿ. ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಇದ್ದರೆ ಮಾತ್ರ ಲೆಕ್ಕ ಬೇರೆ: ಕುಟುಂಬದವರ ಹೊರರೋಗಿ ತಪಾಸಣೆಯೂ ಅದರಲ್ಲಿ ಸೇರಿದೆ, ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ಇಲ್ಲದವರು ಮೊದಲು ಜಿಮ್ಸ್‌ನ ಮಕ್ಕಳ ವಿಭಾಗದಲ್ಲಿ ತೋರಿಸಿ. ಕಮಲಾಪುರದ ತಾಯಂದಿರಿಗೆ ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಉಳಿಯಿತು, ಆದರೆ ದಿನಗೂಲಿ ಉಳಿಯುವುದಿಲ್ಲವಲ್ಲ! ಆದ್ದರಿಂದ ಹಿಮೋಗ್ಲೋಬಿನ್‌ನಂಥ ಸಣ್ಣ ಪರೀಕ್ಷೆಗಳನ್ನು ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಮುಗಿಸಿ, ಹಳೆಯ ಚೀಟಿಗಳನ್ನೆಲ್ಲ ಹಿಡಿದು ಕಲಬುರಗಿಗೆ ಬನ್ನಿ.

ಇಂಥ ಖರ್ಚಿಗೆ ಅರ್ಹ ಬಡ ಕುಟುಂಬಕ್ಕೆ ಝಕಾತ್ ಕೊಡಬಹುದು. ಹನಫೀ ಫಿಕ್ಹಿನಲ್ಲಿ ತಮ್ಲೀಕ್ ಶರತ್ತು, ಅಂದರೆ ಹಣ ಅವರದ್ದಾಗಬೇಕು. ಅವರ ಕೈಗೇ ಕೊಡಿ, ಇಲ್ಲವೇ ಅವರ ಅನುಮತಿ ಪಡೆದು ಲ್ಯಾಬ್‌ಗೆ ಕಟ್ಟಿ. ಜಮಾಅತಿನ ಹೊಣೆಗಾರರು ಇದನ್ನು ಗಮನಿಸಬೇಕು.

ರೋಗ ಖಚಿತವಾದರೆ ಅದಕ್ಕೆ ಮಾತ್ರೆಯಿಲ್ಲ, ಪಥ್ಯವೇ ಔಷಧಿ, ಅದೂ ಜೀವನಪೂರ್ತಿ. ಹಲೀಮ್, ಮಾಲ್ಪುರಿ, ಶೀರ್ ಖುರ್ಮಾದ ಶ್ಯಾವಿಗೆ ಎಲ್ಲದರಲ್ಲೂ ಗೋಧಿಯಿದೆ. ರೋಗಿಗೆಂದು ಪ್ರೀತಿಯಿಂದ ಮಾಡುವ ತಲ್ಬೀನಾ ಬಾರ್ಲಿಯದ್ದು, ಈ ಮಗುವಿಗೆ ಅದೂ ಕೂಡದು. ಅಂಗಡಿಯ ಇಂಗಿನಲ್ಲೂ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ತಹರಿ, ತೊಗರಿ ಬೇಳೆ, ಮಾಂಸ, ಕಮಲಾಪುರದ ಕೆಂಪು ಬಾಳೆಗೆ ಅಡ್ಡಿಯಿಲ್ಲ. ನಮ್ಮ ಜೋಳದ ರೊಟ್ಟಿಯಲ್ಲಂತೂ ಗ್ಲುಟೆನ್ ಇಲ್ಲವೇ ಇಲ್ಲ. ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಹಿಂದೆಯೇ ಜೋಳ ಹಾಕಿಸಿದರೆ ಹಿಟ್ಟು ಕಲೆಯುತ್ತದೆ. ಗಿರಣಿಯವರಿಗೆ ವಿಷಯ ತಿಳಿಸಿ, ಕಲ್ಲು ಸ್ವಚ್ಛ ಮಾಡಿಸಿ, ಬೆಳಿಗ್ಗೆ ಮೊದಲ ಪಾಳಿಯಲ್ಲೇ ಬೀಸಿಸಿಕೊಳ್ಳಿ.